ತೂಕವಿಲ್ಲದ ಗಳಿಗೆ

ತೊಂಬತ್ತು ಕಿಲೋ ಭಾರದ ಸರಳು ಸೊಸೆಯ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಭಾರ ಎತ್ತುವ ಸ್ಪರ್ಧೆಯಲ್ಲಿ ಅವಳಿಗಿದ್ದ ಕೊನೆಯ ಅವಕಾಶ ಅದು. ಸರಳು ಇನ್ನು ಮೇಲಕ್ಕೇರುವುದಿಲ್ಲ ಎಂದುಕೊಂಡ ಅತ್ತೆ, ಹೆಗಲ ಮೇಲೆ ಮಲಗಿದ್ದ ಮೊಮ್ಮಗಳನ್ನು ಅವಚಿಕೊಂಡರು. "ಹೆತ್ತು ವರ್ಷ ಆಗಿಲ್ಲ, ಸೊಂಟ ಮುರ್ಕೊಂಡ್ರೆ ಏನ್ ಗತಿ?" ಎಂದು ಬೆಳಿಗ್ಗೆಯೂ ಗೊಣಗಿದ್ದರು. ಈ ಹುಚ್ಚು ಬಿಡಿಸಲೆಂದೇ ಜೊತೆಗೆ ಬಂದಿದ್ದರು.

ಸರಳು ಮೇಲೂ ಹೋಗಲಿಲ್ಲ, ಕೆಳಗೂ ಬೀಳಲಿಲ್ಲ. ತನ್ನ ಭಾರವನ್ನೇ ಮರೆತಂತೆ ಗಾಳಿಯಲ್ಲಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಸೊಸೆ ಅದರಡಿಗೆ ನುಗ್ಗಿ ಕುಕ್ಕರುಗಾಲಲ್ಲಿ ಕೂತಳು. ತೋಳುಗಳು ನೆಟ್ಟಗಾದವು. ಈಗ ಅಷ್ಟೂ ಕಬ್ಬಿಣ ಅವಳ ತಲೆಯ ಮೇಲಿತ್ತು.

"ಅವಳು ಎತ್ತಲೇ ಇಲ್ವಲ್ಲ, ತಾನೇ ಕೆಳಗೆ ಹೋದ್ಲು," ಎಂದರು ಅತ್ತೆ, ಕಣ್ಣು ಕೀಳದೆ.

"ಎಸೆದ ಚೆಂಡು ಮೇಲೆ ಹೋಗಿ ಒಂದು ಗಳಿಗೆ ನಿಲ್ಲತ್ತಲ್ಲ, ಹಾಗೇ ಅಮ್ಮ," ಎಂದರು ಪಕ್ಕದಲ್ಲಿದ್ದ ಕೋಚ್. "ಆಗ ಅದಕ್ಕೆ ತೂಕ ಗೊತ್ತಾಗಲ್ಲ. ಕಷ್ಟ ಇರೋದು ಈಗ, ಏಳೋದ್ರಲ್ಲಿ."

ಸೊಸೆಯ ತೊಡೆಗಳು ನಡುಗಿದವು. ಇಂಚಿಂಚಾಗಿ ಎದ್ದು, ಅವಳು ನೆಟ್ಟಗೆ ನಿಂತಳು. ಎತ್ತಿದ್ದು ಸರಿಯೆಂದು ತೀರ್ಪಿನ ಮೂರು ಬಿಳಿ ದೀಪಗಳೂ ಹತ್ತಿದವು.

"ಸಾಕು, ಇಳಿಸು," ಎಂದು ಕೂಗಲು ಕೋಚ್ ಕೈಯೆತ್ತಿದರು. ಅತ್ತೆ ಆ ಕೈಯನ್ನು ಹಿಡಿದುಕೊಂಡರು.

"ಇರಿ. ಇನ್ನೊಂದ್ ಗಳಿಗೆ ನೋಡ್ಕೋತೀನಿ."