ಎರಡು ಟ್ಯೂಬುಗಳ ಎಡವಟ್ಟು

“ಮತ್ತೆ ನಿಮ್ಮದೇ ರಕ್ತ!” ಮೇಡಂ ಫಲಿತಾಂಶದ ಕಾಗದವನ್ನು ಮೇಜಿನ ಮೇಲೆ ಕುಕ್ಕಿದರು. “ಎರಡನೇ ಸಲ ರೀ ಇದು. ಕಣ್ಣು ಎಲ್ಲಿಟ್ಕೊಂಡಿದ್ರಿ?”

ಅವನು ತಲೆ ಕೆರೆದುಕೊಂಡ. ಪ್ರಯೋಗಾಲಯದಲ್ಲಿ ಅವನಿಗೆ ‘ಅದಲುಬದಲು’ ಎಂದೇ ಹೆಸರು. ಆ ಹೆಸರನ್ನು ಅವನು ಕಷ್ಟಪಟ್ಟು ಸಂಪಾದಿಸಿದ್ದ. ಪಕ್ಕದವನ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದವನು. ಯಾರದೋ ಮದುವೆಗೆ ನುಗ್ಗಿ, ಊಟವನ್ನೂ ಮುಗಿಸಿ, ಆಮೇಲೆ ಗಂಡಿನ ಮುಖ ನೋಡಿ ಗಾಬರಿಯಾದವನು. ಇಂಥವನ ಕೈಗೆ ರಕ್ತದ ಟ್ಯೂಬು ಕೊಟ್ಟವರಿಗೆ ಬುದ್ಧಿ ಇರಬೇಕಿತ್ತು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಅಸ್ಥಿಮಜ್ಜೆ ಬೇಕಾದ ರೋಗಿಗಳ ವಂಶವಾಹಿಗಳನ್ನು ಓದುವುದು ಅವನ ಕೆಲಸ. ಯಾರು ನಮ್ಮವರು, ಯಾರು ಹೊರಗಿನವರು ಎಂದು ಮೈಯ ಕಾವಲು ಪಡೆಗೆ ಹೇಳಿಕೊಡುವ ವಂಶವಾಹಿಗಳವು. ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ. ಒಡಹುಟ್ಟಿದವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಹೊಂದಿದರೆ ಪುಣ್ಯ. ಅಪ್ಪ ಅಮ್ಮನ ದೇಶಗಳೇ ಬೇರೆಯಾದರಂತೂ ಹೊಂದುವವರು ಸಿಗುವುದೇ ಅಪರೂಪ.

ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ನೋಡಲು ರೋಗಿಯ ರಕ್ತದ ಜೊತೆ ಮೊದಲೇ ಗೊತ್ತಿರುವ ಒಂದು ರಕ್ತವನ್ನೂ ಇಡಬೇಕು. ಹದಿನೆಂಟು ವರ್ಷದಿಂದ ಅದು ಅವನದೇ. ಅವನ ಮುತ್ತಜ್ಜ, ಮುತ್ತಜ್ಜಿಯರು ಎಲ್ಲೆಲ್ಲಿಂದ ಬಂದು ಕೂಡಿಕೊಂಡಿದ್ದರೋ ಏನೋ, ದಾನಿಗಳ ಪಟ್ಟಿಯ ಲಕ್ಷಾಂತರ ಜನರಲ್ಲಿ ಅವನಂಥವರು ಒಬ್ಬರೂ ಇರಲಿಲ್ಲ. ಬೇರೆ ಯಾವುದರಲ್ಲೂ ಎದ್ದು ಕಾಣದ ಮನುಷ್ಯ, ಇದೊಂದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಮೆರೆಯುತ್ತಿದ್ದ.

ಈಗ ಬಂದಿದ್ದು ಆರು ವರ್ಷದ ಮಗುವಿನ ರಕ್ತ. ಒಬ್ಬಳೇ ಮಗಳು. ಅಮ್ಮನದು ಒಂದು ದೇಶ, ಅಪ್ಪನದು ಇನ್ನೊಂದು. ಪೂರ್ತಿ ಹೊಂದುವವರು ಹೊರಗೇ ಸಿಗಬೇಕು. ಮಗುವಿನ ಫಲಿತಾಂಶ ಕೈಗೆ ಬಂದ ಮೇಲೆ ತಾನೇ ಹುಡುಕುವುದು? ಎರಡು ಸಲವೂ ಬಂದಿದ್ದು ಅವನ ಫಲಿತಾಂಶ, ಒಂದಕ್ಷರವೂ ತಪ್ಪದೆ. ಅಂದರೆ ಮಹಾಶಯ ಮಗುವಿನ ರಕ್ತದ ಬದಲು ತನ್ನದನ್ನೇ ಎರಡು ಕಡೆ ಹಾಕಿದ್ದ. ಇನ್ನೇನು ಮತ್ತೆ!

ಕಿಟಕಿಯ ಹತ್ತಿರ ಮಗುವಿನ ತಾಯಿ ಬಂದು ನಿಂತಳು.

“ಮತ್ತೆ ಚುಚ್ಚಬೇಕಂತೆ?”

“ತಪ್ಪು ನಂದೇ ತಾಯಿ.”

“ಯಾರದಾದ್ರೂ ಆಗ್ಲಿ. ಒಂದು ತಿಂಗಳೊಳಗೆ ಮಜ್ಜೆ ಹಾಕ್ಬೇಕು ಅಂದಿದಾರೆ ಡಾಕ್ಟ್ರು. ಎರಡು ವಾರ ಆಗ್ಲೇ ಹೋಯ್ತು. ಯಾರಾದ್ರೂ ಸಿಗ್ತಾರಾ?”

ಅವನಿಗೆ ತನ್ನ ಕೆನ್ನೆಗೆ ತಾನೇ ನಾಲ್ಕು ಬಾರಿಸಿಕೊಳ್ಳಬೇಕು ಅನಿಸಿತು. ಇಷ್ಟು ದಿನ ತನ್ನ ಎಡವಟ್ಟುಗಳಿಗೆ ತಾನೇ ನಕ್ಕಿದ್ದ. ಈ ಸಲ ನಗು ಬರಲಿಲ್ಲ.

ಮನೆಯಲ್ಲಿ ಹೆಂಡತಿ, “ಒಂದು ವಾರ ರಜಾ ಹಾಕಿ ರೀ, ಆ ಮಗುಗಾದ್ರೂ ಒಳ್ಳೇದಾಗ್ಲಿ” ಎಂದಳು. ಮೇಡಂ ಅಷ್ಟರಲ್ಲಾಗಲೇ ರಜೆ ಬರೆದು ಸಹಿ ಹಾಕಿಯಾಗಿತ್ತು.

ವಾರ ಕಳೆದು ಬಂದಾಗ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು.

“ಕೋಟು ಬಿಚ್ಚಿಡಿ.”

ಬಿಚ್ಚಿಟ್ಟ. ಹದಿನೆಂಟು ವರ್ಷದ ನೌಕರಿಗೆ ಎಳ್ಳುನೀರು ಬಿಟ್ಟಂತಾಯಿತು.

“ನೀವು ಹೇಳೋದೇ ಬೇಡ ಮೇಡಂ. ರಾಜೀನಾಮೆ ನಾನೇ ಬರ್ಕೊಂಡು ಬಂದಿದೀನಿ.”

ಮೇಡಂ ಅವನು ಕೊಟ್ಟ ಚೀಟಿ ಬಿಡಿಸಿ ಓದಿದರು. “ಈರುಳ್ಳಿ ಅರ್ಧ ಕೇಜಿ, ಸೋಪು ಎರಡು, ಬೆಂಕಿಪೊಟ್ಟಣ. ನಿಮ್ಮ ಮನೆಯವರ ಚೀಟಿ ರೀ ಇದು.”

ಅಯ್ಯೋ, ಹಾಗಾದರೆ ರಾಜೀನಾಮೆ ಅಂಗಡಿಯವನ ಕೈ ಸೇರಿದೆ! ಅವನಿಗೆ ಅಳುವೇ ಬಂತು.

“ಮಗುವಿನ ಫಲಿತಾಂಶನಾದ್ರೂ ಬಂತಾ ಮೇಡಂ?”

“ನಾನೇ ಕೂತು ಮಾಡ್ದೆ. ನಿಮ್ಮ ಟ್ಯೂಬನ್ನೆಲ್ಲ ಎಸೆದು, ಪಕ್ಕದಲ್ಲಿ ನನ್ನ ರಕ್ತ ಇಟ್ಟೆ. ನಿಮ್ಮದು ಈ ಕೋಣೇಲಿ ಒಂದು ಹನಿನೂ ಇರ್ಲಿಲ್ಲ.” ಮೇಡಂ ಸೂಜಿಯ ಪೊಟ್ಟಣ ಹರಿದರು. “ಅಂಗಿ ತೋಳು ಮಡಚಿ.”

“ಯಾಕೆ ಮೇಡಂ?”

“ಮೂರನೇ ಸಲವೂ ಅದೇ ಬಂತು ಕಣ್ರೀ. ನೀವು ಅದಲುಬದಲು ಮಾಡೇ ಇರ್ಲಿಲ್ಲ. ಆ ಮಗುಗೆ ಹೊಂದೋರು ನೀವೊಬ್ರೇ.”