ಕಣ ಕಾಯುವವಳು

“ಜೊಂಪು ಹತ್ತಿತ್ತು, ಬೀಡಿ ಕಿಡಿ ಸಿಡೀತು ಅಂತ ಹೇಳು. ಅಷ್ಟ ಸಾಕು, ಮುಂದಿನ ಯುಗಾದಿ ಮನ್ಯಾಗ ಮಾಡ್ತಿ,” ಎಂದು ವಕೀಲರು ಉಡಚಪ್ಪನ ಕಿವಿಯಲ್ಲಿ ಸಾವಿರ ಸಲ ಊದಿದ್ದರು. ಅಂದು ಧಾರವಾಡದ ಕೋರ್ಟಿಗೆ ನಮ್ಮೂರ ನಾಯಿಗಳನ್ನು ಬಿಟ್ಟು ಉಳಿದವರೆಲ್ಲ ಬಂದಿದ್ದರು.

ಬಾರದೆ ಏನು? ಕಣದ ಕಾವಲುಗಾರನೇ ಕಣ ಸುಟ್ಟದ್ದು ಭೂಮಿ ಹುಟ್ಟಿದಾಗಿನಿಂದ ನಮ್ಮೂರಲ್ಲೇ ಮೊದಲು. ಆ ಬೆಂಕಿಯ ಬೆಳಕಿಗೆ ಹುಬ್ಬಳ್ಳಿಯ ಮಂದಿ ಬೆಳಗಾಯಿತೆಂದು ಎದ್ದು ಹಲ್ಲು ತಿಕ್ಕಿದರು. ಜೋಳದ ಬಣವಿಗಳ ಬೂದಿ ತಂಬೂರ ಕೆರೆಯ ಮೇಲೆ ಕೆನೆಗಟ್ಟಿತು. ಇನ್ನು ಉಡಚಪ್ಪನೋ, ಹೆಂಡತಿಗೂ ಕೊಡದ ಕೀಲಿಕೈಯನ್ನು ಗಂಡಸರು ಅವನ ಕೈಗಿಟ್ಟು ಪರವೂರಿಗೆ ಹೋಗುತ್ತಿದ್ದರು, ಅಂಥ ನಂಬಿಗಸ್ತ.

“ಆ ಹೊತ್ತಿನಲ್ಲಿ ನಿದ್ದೆ ಹೋಗಿದ್ದೆಯಾ?” ನ್ಯಾಯಾಧೀಶರು ಕೇಳಿದರು.

ಉಡಚಪ್ಪ ಸೆಟೆದು ನಿಂತ. “ನಿದ್ದಿ? ನಾನು? ಮೂವತ್ತು ಸುಗ್ಗಿ ಕಾದೇನ್ರಿ. ಒಮ್ಮೆರ ರೆಪ್ಪಿ ಮುಚ್ಚಿದ್ದು ನೋಡಿದವ್ರು ಇದ್ರ ಎದ್ದ ನಿಂದರ್ಲಿ.”

“ಮಲಗಿದ್ದೆ ಅನ್ರಿ!” ಹಿಂದಿನಿಂದ ಹೆಂಡತಿ ತಾಯವ್ವ ಚೀರಿದಳು. “ನಿಮ್ಮ ಕಾಲ ಬೀಳ್ತೇನಿ, ಮಲಗಿದ್ದೆ ಅನ್ರಿ!”

“ಸುಮ್ನಿರ ಬೇ.” ಅವನು ನ್ಯಾಯಾಧೀಶರತ್ತ ತಿರುಗಿದ. “ಕಳ್ಳರ ಬರಂಗಿಲ್ಲ, ಇನ್ನ ಕಾವಲಗಾರ ಯಾಕ ಅಂದ್ರು ಊರ ಹಿರ್ಯಾರು. ಒಂದ ಬಣವಿ ಸುಟ್ರ ಕಾವಲಿನ ಕಿಮ್ಮತ್ತು ತಿಳೀತೈತಿ ಅಂತ ನನ್ನ ಬಣವಿಗೇ ಹಚ್ಚಿದ್ನಿರಿ. ಗಾಳಿ ತಿರುಗಿಬಿಡ್ತು. ಆದ್ರ ಮಲಗಿರಲಿಲ್ರಿ.”

ವಕೀಲರು ಹಣೆ ಚಚ್ಚಿಕೊಂಡ ಸಪ್ಪಳ ಕಲಘಟಗಿಗೆ ಕೇಳಿತು.

“ಊರು ನಂಬಿ ಅನ್ನ ಒಪ್ಪಿಸಿತ್ತು. ನೀನು ಅದಕ್ಕೆ ಬೆಂಕಿ ಇಟ್ಟೆ,” ಎಂದ ನ್ಯಾಯಾಧೀಶರು ಐದು ವರ್ಷ ಸಜೆ ಬರೆದರು.

ಪೊಲೀಸ್ ವ್ಯಾನು ಗೇಟು ದಾಟಿ ಹೋಯಿತು. ಬೇವಿನ ಮರದ ಕೆಳಗೆ ಕುಸಿದಿದ್ದ ತಾಯವ್ವನನ್ನು ಯಾರೂ ಮಾತಾಡಿಸಲಿಲ್ಲ. ಕಾವಲುಗಾರ ಬೇಡವೆಂದು ಎಲ್ಲರಿಗಿಂತ ಮೊದಲು ಅಂದಿದ್ದ ಕುಬೇರಪ್ಪ ಮಾತ್ರ ಹತ್ತಿರ ಬಂದ.

“ತಾಯವ್ವಾ, ಸುಗ್ಗಿ ಬಂತು. ಕಣಕ್ಕ ಒಬ್ರು ಬೇಕ ಬೇಕು ಅಂತ ಊರಾಗ ಮಾತಾಗೇತಿ. ನೀನ ಕಾಯಿ. ಉಡಚಪ್ಪಗ ಕೊಡತಿದ್ದ ಕಾಳಿನಾಗ ಅರ್ಧ ಕೊಡ್ತೇವಿ.”

“ಹೂನ್ರಿ ಗೌಡ್ರ,” ಎಂದಳು. ಮನೆಯ ಒಲೆ ಹೊತ್ತಲು ಬೇರೆ ದಾರಿ ಇರಲಿಲ್ಲ.

“ಮತ್ತೊಂದ ಮಾತು.” ಕುಬೇರಪ್ಪ ಅತ್ತಿತ್ತ ನೋಡಿದ. “ದಿನಾ ಸಂಜಿಕ್ಕ ಕಣಕ್ಕ ಬಂದ ಕೂಡ್ಲೆ ಸೆರಗಿನ ಗಂಟ ಬಿಚ್ಚಿ ತೋರಸಬೇಕು. ಕಡ್ಡಿಪೆಟ್ಟಿಗಿ ಇಲ್ಲ ಅಂತ ನಮಗ ಖಾತ್ರಿ ಆಗಬೇಕಲಾ.”

ತಾಯವ್ವ ಅಲ್ಲೇ ಗಂಟು ಬಿಚ್ಚಿ ಸೆರಗು ಚಾಚಿದಳು. ಗಂಡನ ಕೈಗೆ ಕೊಡಬೇಕೆಂದು ತಂದಿದ್ದ ಒಂದು ಹಿಡಿ ತಂಬಾಕು ಅದರಲ್ಲಿ ಹಾಗೇ ಉಳಿದಿತ್ತು.

ಕುಬೇರಪ್ಪ ಬೆರಳು ಹಾಕಿ, ಆ ತಂಬಾಕನ್ನೂ ಕೆದರಿ ನೋಡಿದ.