ಬೈಯದ ಶನಿವಾರ

ಬೆಳಗಿನ ಹತ್ತಾದರೂ ಹಾಲಸ್ವಾಮಿ ಒಬ್ಬರಿಗೂ ಬೈದಿರಲಿಲ್ಲ. ಗಂಟಲು ಕೆರೆಯುತ್ತಿತ್ತು.

ಹೊಸಪೇಟೆ ಸ್ಟೇಷನ್ ರಸ್ತೆಯ ಆ ಹೋಟೆಲಿಗೆ ಅವನು ಮ್ಯಾನೇಜರಾಗಿ ಬಂದು ಮೂರು ತಿಂಗಳಾಗಿತ್ತು. ಹಿಂದಿನ ಮ್ಯಾನೇಜರು ಬೆಣ್ಣೆಯಂಥ ಮನುಷ್ಯ. ಅವರ ಕಾಲದಲ್ಲಿ ಅರ್ಧ ಜನ ಸದಾ ರಜೆ. ಹಾಲಸ್ವಾಮಿ ಬಂದ, ಬಾಯಿ ಬಿಟ್ಟ. ಈಗ ಒಬ್ಬರೂ ಕೆಲಸ ತಪ್ಪಿಸುವುದಿಲ್ಲ. ಅಡುಗೆಯ ಉಚ್ಚೆಂಗಪ್ಪನಂತೂ ವಾರದ ರಜೆಯ ದಿನವೂ ಬಂದು ನಿಲ್ಲುತ್ತಾನೆ. ಬೈದರೆ ಎದುರಾಡುವವರಿಲ್ಲ. ಚೀಟಿ ತೆಗೆದು, ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಮಾಡಿದ ತಪ್ಪು ಮತ್ತೆ ಮಾಡಬಾರದೆಂಬ ಶ್ರದ್ಧೆ! ಬಿಗಿ ಎಂದರೆ ಹೀಗಿರಬೇಕು ಎಂದು ಹಾಲಸ್ವಾಮಿಯ ಎದೆ ಉಬ್ಬುತ್ತಿತ್ತು.

ಆದರೆ ಇವತ್ತಿನ ಮಾತೇ ಬೇರೆ. ಹಂಪಿ ದಾರಿಯ ಹೊಸ ರಿಸಾರ್ಟಿಗೆ ಮ್ಯಾನೇಜರು ಯಾರೆಂದು ಮಾಲೀಕರಾದ ಗಂಗಾಂಬಿಕಾ ಇವತ್ತು ಹೇಳಲಿದ್ದರು. ಆ ಕುರ್ಚಿಗಾಗಿ ಹಾಲಸ್ವಾಮಿ ಜೀವ ಬಿಡುತ್ತಿದ್ದ. ಗಂಗಾಂಬಿಕಾ ನಾಲ್ಕು ಶನಿವಾರಗಳಿಂದ ಬಂದು, ಲಾಬಿಯ ಮೂಲೆಯಲ್ಲಿ ಕೂತು, ಅವನನ್ನೇ ನೋಡುತ್ತ ಏನೋ ಬರೆದುಕೊಳ್ಳುತ್ತಿದ್ದರು. ತನ್ನ ಬಾಯಿಯೇ ತನಗೆ ಮುಳುವಾಗುವುದು ಖಂಡಿತ ಅನ್ನಿಸಿತ್ತು ಅವನಿಗೆ. ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿ ಬಂದಿದ್ದ: ಇವತ್ತು ಒಂದೇ ಒಂದು ಬೈಗುಳವೂ ಇಲ್ಲ.

ಗಂಗಾಂಬಿಕಾ ಬಂದರು, ಮೂಲೆ ಹಿಡಿದು ಕೂತರು. ಅಷ್ಟಕ್ಕೇ ಹೋಟೆಲಿಗೆ ಹುಚ್ಚು ಹಿಡಿಯಿತು.

ಉಚ್ಚೆಂಗಪ್ಪ ಮಂಡಕ್ಕಿ ವಗ್ಗರಣಿಯ ತಟ್ಟೆ ತಂದು ಹಾಲಸ್ವಾಮಿಯ ಮುಂದಿಟ್ಟ. "ಮಿರ್ಚಿ ಹಾಕೋದು ಮರ್ತೀನ್ರೀ ಸರ."

"ಇರ್ಲಿ ಬಿಡಪ್ಪ."

ಉಚ್ಚೆಂಗಪ್ಪನ ಮುಖ ಸಪ್ಪಗಾಯಿತು. "ಉಪ್ಪೂ ಮರ್ತೀನ್ರೀ," ಎಂದು ಆಸೆಯಿಂದ ಸೇರಿಸಿದ.

"ಬಿಪಿಗೆ ಭಾಳ ಚಲೋ ಆತು."

ಕೋಣೆ ಗುಡಿಸುವ ಪಂಪಮ್ಮ ಒದ್ದೆ ಪೊರಕೆಯನ್ನು ಸೋಫಾದ ಮೇಲೆ ಮಲಗಿಸಿ, ಪಕ್ಕದಲ್ಲಿ ತಾನೂ ಕಾಲು ಚಾಚಿದಳು.

"ಸುಸ್ತಾತೇನ್ರೀ ಪಂಪಮ್ಮ? ಕುಂದ್ರಿ, ಕುಂದ್ರಿ."

ಪಂಪಮ್ಮನ ಕಣ್ಣಲ್ಲಿ ನೀರಾಡಿತು. "ಸರ, ನಿಮಗ ಮೈಯಾಗ ಆರಾಮಿಲ್ಲೇನ್ರೀ?"

ಎಂಥ ಪ್ರೀತಿ! ಹಾಲಸ್ವಾಮಿಯ ಕರುಳು ಕರಗಿತು. ಮೂಲೆಯತ್ತ ನೋಡಿದರೆ ಗಂಗಾಂಬಿಕಾ ಪೆನ್ಸಿಲಿನ ತುದಿ ಕಚ್ಚುತ್ತಿದ್ದರು. ಅವರ ಮುಖವೂ ಬಾಡಿತ್ತು.

"ಬದ್ಲಾಗೀರಲ್ರೀ ಹಾಲಸ್ವಾಮಿ," ಎಂದರು.

"ಹೌದ್ರೀ ಮೇಡಂ. ಇನ್ಮ್ಯಾಲ ಪ್ರೀತಿಯಿಂದ ಕೆಲಸ ತಗೊಳ್ಳೋಣಂತ."

"ಹಿಂಗಾದ್ರ ನಾಳಿಗೆ ಒಬ್ರೂ ಕೆಲಸಕ್ಕ ಬರೂದಿಲ್ಲ ನೋಡ್ರಿ."

ಮುಗಿಯಿತು ಅಂದುಕೊಂಡ ಹಾಲಸ್ವಾಮಿ. ರಿಸಾರ್ಟು ಕೈತಪ್ಪಿತು! ಅಷ್ಟರಲ್ಲಿ ಉಚ್ಚೆಂಗಪ್ಪ ಸಾಂಬಾರಿನ ಬಕೆಟ್ ಹಿಡಿದು ಬಂದ. ಸಪಾಟು ನೆಲದಲ್ಲಿ, ಏನೂ ಅಡ್ಡವಿಲ್ಲದ ಕಡೆ, ಎಡವಿದ. ಆರಿದ ಸಾಂಬಾರು ಅಷ್ಟೂ ಹಾಲಸ್ವಾಮಿಯ ಬಿಳಿ ಪ್ಯಾಂಟಿನ ಮೇಲೆ ಸುರಿಯಿತು.

ಆಣೆ, ಹೆಂಡತಿ, ರಿಸಾರ್ಟು ಎಲ್ಲ ಮರೆತುಹೋಯಿತು.

"ಲೇ! ಇದೇನು ಹೋಟೆಲೋ ದನದ ದೊಡ್ಡಿಯೋ? ಕಣ್ಣು ಮನ್ಯಾಗ ಬಿಟ್ಟು ಬಂದೀಯೇನಲೇ? ನಿಮ್ಮನ್ನೆಲ್ಲ ಡ್ಯಾಂ ಗೇಟಿಗೆ ಕಟ್ಟಿ ನೀರು ಬಿಡಸ್ತೀನಿ!"

ಲಾಬಿಯ ತುಂಬ ಚೀಟಿಗಳು ಹೊರಬಂದವು. ಅವಸರದಲ್ಲಿ ಪಂಪಮ್ಮನ ಚೀಟಿ ಹಾರಿ ಅವನ ಕಾಲ ಬಳಿ ಬಿತ್ತು. ಎತ್ತಿ ನೋಡಿದ. ಗಣಪತಿ ಹಬ್ಬದಲ್ಲಿ ಆಡಿಸುವ ಹೌಸಿ ಆಟದ ಟಿಕೆಟ್ಟಿನ ಹಾಗೆ ಸಾಲು ಸಾಲು ಮನೆ. ಅಂಕಿಗಳಿರಬೇಕಾದ ಕಡೆ ಅವನವೇ ಬೈಗುಳ. 'ದನದ ದೊಡ್ಡಿ'ಗೆ ಗೀಟು ಬಿದ್ದಿತ್ತು.

"ಹೌಸಿ!" ಎಂದು ಮೂಲೆಯ ಕುರ್ಚಿಯಿಂದ ಜಿಗಿದರು ಗಂಗಾಂಬಿಕಾ, ತಮ್ಮ ಚೀಟಿಯನ್ನು ಬಾವುಟದಂತೆ ಬೀಸುತ್ತ. "ಡ್ಯಾಂ ಗೇಟು ಒಂದ ಬಾಕಿ ಇತ್ರೀ! ರಿಸಾರ್ಟು ನಿಮಗ, ನಾಳಿಂದ ಅಲ್ಲೂ ಬೈರಿ!"